ಬರ್ಲಿನ್‌ಗೆ ಬರುವ ಡೆವಲಪರ್‌ಗೆ: ಮೊದಲು ಅಂಚೆಪೆಟ್ಟಿಗೆ, ಆಮೇಲೆ ಆ್ಯಪ್

ಮುಂದಿನ ತಿಂಗಳು ಮೈಸೂರಿನಿಂದ ಬ್ಲೂ ಕಾರ್ಡ್ (ಓದಿದ ಉದ್ಯೋಗಿಗಳಿಗೆ ಕೊಡೋ ಯುರೋಪಿನ ವಾಸದ ಅನುಮತಿ) ಮೇಲೆ ಬರ್ಲಿನ್‌ಗೆ ಬರ್ತಿದ್ದೀರಿ. "ಅಲ್ಲಿ ಎಲ್ಲಾ ಫೋನಲ್ಲೇ ಆಗಿಬಿಡುತ್ತಲ್ವಾ, ಲ್ಯಾಪ್‌ಟಾಪ್ ಬಿಟ್ಟು ಇನ್ನೇನು ತಯಾರಿ ಬೇಕು?" ಅಂತ ಕೇಳಿದ್ದೀರಿ. ಇಲ್ಲ, ಆಗಲ್ಲ. ನಮ್ಮಲ್ಲಿ ಎಳನೀರಿನ ಗಾಡಿಯಲ್ಲೂ ಕ್ಯೂಆರ್ ಕೋಡ್ ನೇತಾಡುತ್ತೆ. ಇಲ್ಲಿ 'ನಗದು ಮಾತ್ರ' ಅನ್ನೋ ಬೋರ್ಡಿರುವ ಬೇಕರಿ ಈಗಲೂ ಸಿಗುತ್ತೆ. ಊರಲ್ಲಿ ನಾವು ಯಾರು ಅನ್ನೋದು ಮೊಬೈಲ್ ನಂಬರ್ ಮೇಲೆ ನಿಂತಿದ್ದರೆ, ಜರ್ಮನಿಯಲ್ಲಿ ಅದು ಮನೆ ವಿಳಾಸದ ಮೇಲೆ ನಿಂತಿದೆ. ಇದೊಂದು ತಲೆಗೆ ಹೋದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತೆ.

ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು, ಅದೇ ಆನ್‌ಮೆಲ್ಡುಂಗ್. ಅದಕ್ಕೆ ಪಾಸ್‌ಪೋರ್ಟ್, ತುಂಬಿದ ಫಾರಂ, ಜೊತೆಗೆ 'ಇವರು ಇಂಥ ದಿನದಿಂದ ನನ್ನ ಮನೆಯಲ್ಲಿದ್ದಾರೆ' ಅಂತ ಮನೆ ಮಾಲೀಕರು ಸಹಿ ಹಾಕಿದ ಪತ್ರ ಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು. ಹಾಗಾಗಿ ತಾತ್ಕಾಲಿಕ ಮನೆ ಹಿಡಿಯೋ ಮೊದಲೇ "ನೋಂದಣಿಗೆ ಪತ್ರ ಕೊಡ್ತೀರಾ?" ಅಂತ ಬರಹದಲ್ಲಿ ಕೇಳಿ. ಕೊಡಲ್ಲ ಅಂದರೆ ಆ ಮನೆ ಬೇಡ, ಬಾಡಿಗೆ ಎಷ್ಟೇ ಅಗ್ಗವಿರಲಿ. ಬರ್ಲಿನ್‌ನಲ್ಲಿ ನಿಮ್ಮ ಏರಿಯಾದ ಕಚೇರಿಗೇ ಹೋಗಬೇಕು ಅಂತಿಲ್ಲ, ಊರಿನ ಯಾವ ಬ್ಯುರ್ಗರ್‌ಆಮ್ಟ್ (ನಾಗರಿಕ ಸೇವಾ ಕಚೇರಿ) ಆದರೂ ಆಗುತ್ತೆ. ಅಪಾಯಿಂಟ್‌ಮೆಂಟ್ ಪುಟ ಖಾಲಿ ಕಂಡರೆ ಕೈಬಿಡಬೇಡಿ. ಬೇರೆಯವರು ರದ್ದು ಮಾಡಿದ್ದು ಆಗಾಗ ಬಂದು ಬೀಳುತ್ತೆ.

ಇದರ ಮುಂದಿನದೆಲ್ಲ ಡಿಪೆಂಡೆನ್ಸಿ ಗ್ರಾಫ್ ಅಂತಲೇ ತಿಳ್ಕೊಳ್ಳಿ, ಒಂದು ಆಗದೆ ಇನ್ನೊಂದು ಆಗಲ್ಲ. ನೋಂದಣಿ ಆದ ಮೇಲೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತೆ. ಅದು ಕಂಪನಿ ಕೈಸೇರದೆ ಸಂಬಳದ ದಿನ ಬಂದರೆ ಆರನೇ ತೆರಿಗೆ ವರ್ಗದ ಲೆಕ್ಕದಲ್ಲಿ ಕತ್ತರಿ ಹಾಕಬಹುದು, ಅಂದರೆ ಎಲ್ಲಕ್ಕಿಂತ ಜಾಸ್ತಿ ತೆರಿಗೆ. ದುಡ್ಡು ಆಮೇಲೆ ವಾಪಸ್ ಬರುತ್ತೆ, ಆದರೆ ಮೊದಲ ತಿಂಗಳೇ ಮನೆಯ ಮುಂಗಡ ಕಟ್ಟಬೇಕಾದವರಿಗೆ ಆ ಏಟು ಜೋರು. ಮುಂಗಡ ಕಾನೂನು ಪ್ರಕಾರ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚಿರಬಾರದು, ಮೂರು ಕಂತಲ್ಲಿ ಕೊಡೋ ಹಕ್ಕೂ ನಿಮಗಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಹಬ್ಬ.

ಈಗ ಅಂಚೆಪೆಟ್ಟಿಗೆ. ಇಲ್ಲಿ ಫ್ಲಾಟ್ ನಂಬರ್ ಬರೆಯೋ ಪದ್ಧತಿ ಕಮ್ಮಿ. ಪೋಸ್ಟ್‌ಮ್ಯಾನ್ ನೋಡೋದು ಪೆಟ್ಟಿಗೆ ಮೇಲಿನ ಹೆಸರನ್ನ, ಹೆಸರಿಲ್ಲದಿದ್ದರೆ ಪತ್ರ ಕಳಿಸಿದವರಿಗೇ ವಾಪಸ್. ಮನೆಗೆ ಕಾಲಿಟ್ಟ ದಿನವೇ ಪೆಟ್ಟಿಗೆ ಮೇಲೂ ಕರೆಗಂಟೆ ಪಕ್ಕವೂ ಪಾಸ್‌ಪೋರ್ಟಿನಲ್ಲಿರುವ ಹಾಗೇ ಹೆಸರು ಅಂಟಿಸಿ. ನಮ್ಮಲ್ಲಿ ಪಾಸ್‌ಪೋರ್ಟಿನ 'ಸರ್‌ನೇಮ್' ಜಾಗದಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಇರೋದು ಮಾಮೂಲು. ಪತ್ರಗಳು ಬರೋದು ಆ ಹೆಸರಿಗೇ, ಅದಕ್ಕೇ ಅದೂ ಅಂಟಿಸಿದ ಚೀಟಿಯಲ್ಲಿರಲಿ. ಬ್ಯಾಂಕ್ ಕಾರ್ಡ್ ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದು ದಿನ ಇನ್ನೊಂದು ಲಕೋಟೆಯಲ್ಲಿ ಬರುತ್ತೆ. ಕೆಲವು ಬ್ಯಾಂಕುಗಳ ಆ್ಯಪ್ ಚಾಲೂ ಮಾಡೋ ಕೋಡ್ ಕೂಡ ಕಾಗದದಲ್ಲೇ! ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಿ ಅಂತಲೂ ಪತ್ರ ಬರುತ್ತೆ. ಟಿವಿ ಇಲ್ಲ ಅಂದರೂ ಬಿಡಲ್ಲ. ಜೊತೆಗಿರುವವರು ಆಗಲೇ ಕಟ್ತಿದ್ದರೆ ಅವರ ಶುಲ್ಕದ ಖಾತೆ ಸಂಖ್ಯೆ ಕೊಟ್ಟರೆ ಸಾಕು. ಜಾಹೀರಾತು ಅಂದ್ಕೊಂಡು ಬಿಸಾಕಿದರೆ ಬಾಕಿ ಬೆಳೆಯುತ್ತೆ.

ಮನೆ ಇಂಟರ್ನೆಟ್ ಒಪ್ಪಂದ 24 ತಿಂಗಳವರೆಗೂ ಕಟ್ಟಿಹಾಕಬಹುದು. ಆ ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಹೊರಬರಬಹುದು. ತಾತ್ಕಾಲಿಕ ಮನೆಯಲ್ಲಿದ್ದಾಗ ಆ ಗೋಜಿಗೆ ಹೋಗದೆ ಪ್ರಿಪೇಯ್ಡ್ ಡೇಟಾದಲ್ಲೇ ದಿನ ತಳ್ಳಿ. ಇನ್ನೊಂದು, ಸಿನಿಮಾ ಇಳಿಸಿಕೊಳ್ಳೋ ಟೊರೆಂಟ್ ಕ್ಲೈಂಟ್ ಲ್ಯಾಪ್‌ಟಾಪಿನಲ್ಲಿದ್ದರೆ ವಿಮಾನ ಹತ್ತೋ ಮೊದಲೇ ಅಳಿಸಿ. ಅದು ಇಳಿಸಿಕೊಳ್ಳುತ್ತಲೇ ಬೇರೆಯವರಿಗೆ ಹಂಚುತ್ತಿರುತ್ತೆ. ಆ ಹಂಚೋದನ್ನೇ ಹಿಡಿದು, ಐಪಿ ವಿಳಾಸದ ಮೇಲೆ ನಿಮ್ಮನ್ನು ಪತ್ತೆ ಮಾಡಿ, ವಕೀಲರು ನೂರಾರು ಯೂರೋ ಕೇಳಿ ಪತ್ರ ಬರೀತಾರೆ. ಹಿನ್ನೆಲೆಯಲ್ಲಿ ಮರೆತುಹೋಗಿ ಓಡ್ತಿದ್ದ ಹಳೇ ಸಿನಿಮಾ ಆದರೂ ಅಷ್ಟೇ.

ಆಫೀಸಿನ ಲ್ಯಾಪ್‌ಟಾಪಿಗೆ ಅಮೆರಿಕನ್ ಕೀಬೋರ್ಡ್ ಬೇಕು ಅಂತ ಈಗಲೇ ಬರೆದುಬಿಡಿ. ಜರ್ಮನ್ ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಅದಲುಬದಲು. ಅದು ನಾಲ್ಕು ದಿನಕ್ಕೆ ರೂಢಿಯಾಗುತ್ತೆ, ಕಾಡೋದು ಬ್ರಾಕೆಟ್‌ಗಳು. ವಿಂಡೋಸ್‌ನಲ್ಲಿ ಬಲಗಡೆಯ ಆಲ್ಟ್-ಜಿಆರ್ ಒತ್ತಿಕೊಂಡು 7, 8, 9, 0 ಒತ್ತಿದರೆ ಕ್ರಮವಾಗಿ ಹೂ ಆವರಣ ಶುರು, ಚೌಕ ಶುರು, ಚೌಕ ಮುಗಿತಾಯ, ಹೂ ಆವರಣ ಮುಗಿತಾಯ. ಬ್ಯಾಕ್‌ಟಿಕ್ (`) ಒತ್ತಿದರೆ ಏನೂ ಕಾಣಲ್ಲ, ಸ್ಪೇಸ್ ಒತ್ತಿದ ಮೇಲೇ ಮೂಡುತ್ತೆ. ಅಟ್ ಚಿಹ್ನೆಗೆ ಆಲ್ಟ್-ಜಿಆರ್ ಜೊತೆ ಕ್ಯೂ. ಆ ಅಭ್ಯಾಸದ ಕೈ ಮ್ಯಾಕ್ ಮೇಲೆ ಬಿದ್ದರೆ ಅದೇ ಜಾಗದಲ್ಲಿ ಕಮಾಂಡ್ ಕೀ ಇರುತ್ತೆ, ಅದರ ಜೊತೆ ಕ್ಯೂ ಅಂದರೆ ಆ್ಯಪ್ ಮುಚ್ಚು ಅಂತ, ಇಮೇಲ್ ವಿಳಾಸ ಬರೆಯೋಕೆ ಹೋಗಿ ಆ್ಯಪೇ ಮುಚ್ಚಿಹೋಗುತ್ತೆ.

ಕೆಲಸದ ಬಗ್ಗೆ ಹೆಚ್ಚು ಹೆದರಬೇಡಿ. ಹುಷಾರಿಲ್ಲದಿದ್ದರೆ ಬೆಳಿಗ್ಗೆಯೇ ತಿಳಿಸಬೇಕು. ಮೂರು ದಿನ ದಾಟಿದರೆ ಡಾಕ್ಟರ್ ಚೀಟಿ ಬೇಕು, ಕೆಲವು ಕಂಪನಿ ಮೊದಲ ದಿನದಿಂದಲೇ ಕೇಳುತ್ತೆ, ಕರಾರು ಓದಿ. ಸರ್ಕಾರಿ ವಿಮೆಯವರ ಚೀಟಿ 2023ರಿಂದ ಡಾಕ್ಟರಿಂದ ವಿಮಾ ಸಂಸ್ಥೆಗೆ, ಆನ್‌ಲೈನಲ್ಲೇ ಹೋಗುತ್ತೆ, ಅಲ್ಲಿಂದ ಕಂಪನಿಯೇ ತರಿಸಿಕೊಳ್ಳುತ್ತೆ. ವಿಮೆ ಅಂದಾಗ ಒಂದು ಮಾತು. ಸಂಬಳ ಮಿತಿ ದಾಟಿದವರಿಗೆ ಖಾಸಗಿ ವಿಮೆಯ ಏಜೆಂಟರು ಕಮ್ಮಿ ಕಂತು ತೋರಿಸ್ತಾರೆ. ಅಲ್ಲಿ ಹೆಂಡತಿ-ಮಕ್ಕಳಿಗೆ ಬೇರೆ ಬೇರೆ ಕಂತು, ಸರ್ಕಾರಿ ವಿಮೆಗೆ ವಾಪಸ್ ಬರೋದು ಕಷ್ಟ, 55 ದಾಟಿದ ಮೇಲಂತೂ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದ ಹಾಗೇ. ಮೊದಲ ವರ್ಷ ಆ ಕಡೆ ತಲೆ ಹಾಕಬೇಡಿ. ಜರ್ಮನ್ ಭಾಷೆ ಮಾತ್ರ ಮುಂದೂಡಬೇಡಿ: ಬ್ಲೂ ಕಾರ್ಡಿನವರಿಗೆ ಬಿ1 (ಮಧ್ಯಮ ಮಟ್ಟದ ಜರ್ಮನ್) ಇದ್ದರೆ 21 ತಿಂಗಳಿಗೆ ಕಾಯಂ ವಾಸದ ಅನುಮತಿ ಕೇಳಬಹುದು, ಎ1 (ಆರಂಭದ ಮಟ್ಟ) ಮಾತ್ರ ಇದ್ದರೆ 27.

ಮಿಕ್ಸಿ ತನ್ನಿ. ಇಲ್ಲೂ 230 ವೋಲ್ಟ್, 50 ಹರ್ಟ್ಸ್, ಟ್ರಾನ್ಸ್‌ಫಾರ್ಮರ್ ಬೇಡ; ಅರ್ಥಿಂಗ್ ಇರುವ ಅಡಾಪ್ಟರ್ ಸಾಕು. ರಾತ್ರಿ ಹತ್ತರ ಮೇಲೆ ಚಟ್ನಿ ರುಬ್ಬಬೇಡಿ, ಕೆಳಗಿನ ಮನೆಯವರು ಬಾಗಿಲು ತಟ್ತಾರೆ. ಅಡುಗೆ ಆದ ಮೇಲೆ ಕಿಟಕಿ ಓರೆ ಮಾಡಿಟ್ಟರೆ ಸಾಲದು, ಚಳಿಗಾಲದಲ್ಲೂ ಐದ್ಹತ್ತು ನಿಮಿಷ ಪೂರ್ತಿ ತೆಗೀಬೇಕು. ಸಾರಿನ ಆವಿ ತಣ್ಣನೆ ಗೋಡೆಗೆ ತಾಗಿ ಬೂಷ್ಟು ಹಿಡಿದರೆ ಮಾಲೀಕರು ಮುಂಗಡದಲ್ಲಿ ಮುರಿದುಕೊಳ್ಳೋಕೆ ನೋಡ್ತಾರೆ. ಮುಂಬಾಗಿಲು ಎಳೆದುಕೊಂಡರೆ ಹೊರಗಿನಿಂದ ಬೀಗದಕೈ ಇಲ್ಲದೆ ತೆರೆಯಲ್ಲ. ಕಸ ಹಾಕೋಕೆ ಇಳಿದರೂ ಜೇಬಲ್ಲಿರಲಿ.

ಹೊರಡೋ ಮೊದಲು ಊರಿನ ಸಿಮ್‌ಗೆ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿ, ಒಟಿಪಿ ಬರುವಷ್ಟಾದರೂ ರೀಚಾರ್ಜ್ ನಿಲ್ಲಿಸಬೇಡಿ. ಆಧಾರ್, ಪ್ಯಾನ್, ಬ್ಯಾಂಕು ಎಲ್ಲ ಆ ನಂಬರಿಗೇ ಜೋತುಬಿದ್ದಿವೆ. ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿ ಭಾರತೀಯರ ಖಾತೆ) ಮಾಡಿಸೋ ಫಾರಂ ಯಾವುದು, ಯಾವ ದಾಖಲೆ ಬೇಕು ಅಂತ ನಿಮ್ಮ ಶಾಖೆಯಲ್ಲಿ ಈ ವಾರವೇ ವಿಚಾರಿಸಿಡಿ, ಇಲ್ಲಿಂದ ಅದನ್ನು ಮಾಡೋದು ತಲೆನೋವು.