ಚಾಟ್ನಿ ಮುಗಿಯಲಿ, ಆಮೇಲೆ ಪಾಟಿ ಹಿಡಿಯಲಿ

ಪ್ರಶ್ನೆ: ಅಕ್ಕಾರ, ನಮಸ್ಕಾರ. ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ ನಮ್ಮದು ತೋಟದ ಮನೆ. ನಾಲ್ಕು ಎಕರೆ ದ್ರಾಕ್ಷಿ ಇದೆ, ಒಣದ್ರಾಕ್ಷಿಯನ್ನೂ ನಾವೇ ಮಾಡುತ್ತೇವೆ. ಮಗಳಿಗೆ ಹತ್ತು ವರ್ಷ, ಮಗನಿಗೆ ಏಳು. ಇನ್ನು ಮುಂದೆ ಇಬ್ಬರನ್ನೂ ಮನೆಯಲ್ಲೇ ಓದಿಸುವುದು ಅಂತ ತೀರ್ಮಾನ ಮಾಡಿಯಾಗಿದೆ. ಅದರಲ್ಲಿ ಗೊಂದಲ ಇಲ್ಲ. ಗೊಂದಲ ಇರುವುದು ಯಾವಾಗ ಶುರು ಮಾಡಬೇಕು ಅನ್ನೋದರಲ್ಲಿ. ನಮ್ಮ ಮನೆಯವರು ಏಪ್ರಿಲ್‌ನಲ್ಲೇ ಶುರು ಮಾಡು, ಶಾಲೆ ಮಕ್ಕಳಿಗಿಂತ ಎರಡು ತಿಂಗಳು ಮುಂದಿರಬಹುದು ಅನ್ನುತ್ತಾರೆ. ಅತ್ತೆಯವರು "ದಸರಾಕ್ಕ ಸರಸ್ವತಿ ಪೂಜಿ ದಿನ ಪಾಟಿ ಹಿಡಸು" ಅನ್ನುತ್ತಾರೆ. ನಾನು ಶಾಲೆ ತೆರೆಯುವ ದಿನವೇ ಶುರು ಮಾಡೋಣ ಅಂದುಕೊಂಡಿದ್ದೆ. ಯಾರ ಮಾತು ಸರಿ?

ಉತ್ತರ: ಅಕ್ಕಾರ ಅಂದಿದ್ದೀರಿ, ಹಾಗಾಗಿ ನಾನು ತಂಗಿ ಅಂತಲೇ ಕರೆಯುತ್ತೇನೆ. ತಂಗಿ, ನಿಮ್ಮ ಮೂವರ ದಿನವೂ ನಿಮ್ಮ ಮನೆಗೆ ಹೊಂದುವುದಿಲ್ಲ. ಕಾರ ಹುಣ್ಣಿಮೆ ಆಗಲಿ. ಎತ್ತುಗಳ ಕರಿ ಹರಿದು, ಮಕ್ಕಳ ಕುಣಿದಾಟ ಮುಗಿದು, ಒಂದೆರಡು ದಿನ ಬಿಟ್ಟು ಶುರು ಮಾಡಿ. ಅಂದರೆ ಸುಮಾರು ಜೂನ್ ನಡುವೆ.

ಯಾಕೆ ಅಂತ ಹೇಳುತ್ತೇನೆ. ಮೊದಲು ನಿಮ್ಮ ಮನೆಯವರ ಏಪ್ರಿಲ್ ವಿಷಯ, ಯಾಕಂದ್ರೆ ಆ ತಪ್ಪನ್ನು ನಾನೇ ಮಾಡಿದ್ದೇನೆ. ಬಾಗಲಕೋಟೆಯ ನವನಗರದಲ್ಲಿ ನನ್ನ ಮಗನನ್ನು ಮನೆಯಲ್ಲಿ ಓದಿಸಲು ಕೂತ ಮೊದಲ ವರ್ಷ ಏಪ್ರಿಲ್ ಒಂದಕ್ಕೇ ಶುರು ಮಾಡಿದ್ದೆ. ಟೈಮ್‌ಟೇಬಲ್ ಬರೆದು, ಬಣ್ಣದ ಗೆರೆ ಎಳೆದು, ಗೋಡೆಗೆ ಅಂಟಿಸಿ, ಫೋಟೋ ತೆಗೆದು ತವರಿಗೂ ಕಳಿಸಿದ್ದೆ. ಮಾಳಿಗೆ ಮೇಲಿನ ತಗಡಿನ ರೂಮು. ಹನ್ನೊಂದಕ್ಕೆ ಕರೆಂಟ್ ಹೋಯಿತು. ಅವನು ಕಾಪಿ ಬರೆಯುತ್ತಿದ್ದ. ಅಂಗೈ ಬೆವೆತು ಹಾಳೆಗೆ ಅಂಟುತ್ತಿತ್ತು, ಕೈ ಸರಿಸಿದಂತೆಲ್ಲ ಪೆನ್ಸಿಲ್ ಅಕ್ಷರ ಕಲೆಸಿ 'ಮ' ಯಾವುದು 'ಯ' ಯಾವುದು ತಿಳಿಯದ ಹಾಗಾಯಿತು. ಅಳಿಸಿ ಮತ್ತೆ ಬರಿ ಅಂದೆ. ರಬ್ಬರ್ ಉಜ್ಜಿದರೆ ಒದ್ದೆ ಹಾಳೆ ಹರಿದೇ ಹೋಯಿತು. ಅವನು ಅತ್ತ, ನನಗೂ ಅಳು ಬಂತು. ಆ ಟೈಮ್‌ಟೇಬಲ್ ಬಾಳಿದ್ದು ಹದಿನೇಳು ದಿನ. ನಮ್ಮ ಬಾಗಲಕೋಟೆ, ವಿಜಯಪುರದಲ್ಲಿ ಬಿಸಿಲಿಗೆ ಹೆದರಿ ಏಪ್ರಿಲ್-ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಏಳು ವರ್ಷದ ಮಗು ಏನು ಮಾಡೀತು?

ಅದೂ ಅಲ್ಲದೆ, ನಿಮ್ಮ ಏಪ್ರಿಲ್ ನಿಮ್ಮ ಕೈಯಲ್ಲಿ ಇದೆಯಾ? ಫೆಬ್ರವರಿ-ಮಾರ್ಚ್‌ನಲ್ಲಿ ಕಟಾವು, ಅದರ ಹಿಂದೆಯೇ ಒಣದ್ರಾಕ್ಷಿ ಶೆಡ್, ಅದು ಮುಗಿಯಿತು ಅನ್ನುವಷ್ಟರಲ್ಲಿ ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ. ಶೆಡ್ಡಿಗೆ ಬಂದ ಆಳುಗಳಿಗೆ ಬುತ್ತಿ ಕಟ್ಟುವುದು, ಆರಿಸುವುದು, ತೂಗುವುದು, ಇದೆಲ್ಲ ಹೆಂಗಸರ ತಲೆ ಮೇಲೆಯೇ ಬರುವುದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮನೆಯಲ್ಲಿ ಓದಿಸುವಾಗ ಮಕ್ಕಳು ತಯಾರಿದ್ದಾರಾ ಅಂತ ಎಲ್ಲರೂ ಕೇಳುತ್ತಾರೆ. ಓದಿಸುವವಳಿಗೆ ಕೂತುಕೊಳ್ಳಲು ಹೊತ್ತು ಇದೆಯಾ ಅಂತ ಯಾರೂ ಕೇಳುವುದಿಲ್ಲ. ವರ್ಷ ಶುರುವಾಗಬೇಕಾದ್ದು ನಿಮಗೆ ಪುರಸೊತ್ತು ಸಿಗುವ ದಿನದಿಂದ. ಇಂಥ ದಿನವೇ ಶುರು ಮಾಡಬೇಕು ಅಂತ ಮನೆಯಲ್ಲಿ ಓದಿಸುವವರಿಗೆ ಯಾವ ಕಾನೂನೂ ಇಲ್ಲ.

ಇನ್ನು ನಿಮ್ಮ ಲೆಕ್ಕ, ಶಾಲೆ ತೆರೆಯುವ ದಿನ. ಮೇ ಕೊನೆಗೆ ಶಾಲೆ ತೆರೆಯುತ್ತದೆ, ತೋರಣ ಕಟ್ಟಿ ಸಿಹಿ ಹಂಚುತ್ತಾರೆ ನಿಜ. ಆದರೆ ಮೊದಲ ಕೆಲವು ವಾರ ಅಲ್ಲಿ ನಡೆಯುವುದು ಸೇತುಬಂಧ, ಅಂದರೆ ಹೋದ ವರ್ಷ ಕಲಿತದ್ದನ್ನು ನೆನಪು ಮಾಡಿಸುವುದು. ಹೊಸ ಪಾಠ ಆಮೇಲೆ. ಹಾಗಾಗಿ ಹದಿನೈದು ದಿನ ತಡ ಮಾಡಿದರೆ ಮಕ್ಕಳು ಹಿಂದೆ ಬೀಳುತ್ತಾರೆ ಅನ್ನುವ ಹೆದರಿಕೆ ಬೇಡ.

ದಿನಗಳನ್ನು ಎಣಿಸಿ ನೋಡೋಣ. ಶಿಕ್ಷಣ ಹಕ್ಕು ಕಾಯ್ದೆ ಶಾಲೆಗಳಿಗೆ 1ರಿಂದ 5ನೇ ತರಗತಿವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಅಂತ ಹಾಕಿದೆ. ಇದು ಶಾಲೆಗೆ ಹಾಕಿದ ಲೆಕ್ಕ, ನಾವು ಅಳತೆಗೋಲು ಅಂತ ಮಾತ್ರ ಇಟ್ಟುಕೊಳ್ಳೋಣ. ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಗೆ ವಾರಕ್ಕೆ ಆರು ದಿನದಂತೆ 90 ದಿನ. ಪಂಚಮಿ ಜೋಕಾಲಿ, ಗಣಪತಿ, ನೆಂಟರು, ಜ್ವರ ಅಂತ ಹತ್ತು ಬಿಡಿ, 80 ಉಳಿಯಿತು. ಅಕ್ಟೋಬರ್ ಚಾಟ್ನಿಗೆ ರಜೆ. ನವೆಂಬರ್‌ನಿಂದ ಸಿದ್ಧೇಶ್ವರ ಜಾತ್ರೆವರೆಗೆ 55, ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವ ದಿನ ಬಿಟ್ಟೇ ಹೇಳುತ್ತಿದ್ದೇನೆ. ಜಾತ್ರೆ ಆದ ಮೇಲೆ ಜನವರಿಯಲ್ಲಿ 10. ಮೇ ತಿಂಗಳಲ್ಲಿ ಬೆಳಗ್ಗೆ ಆರೂವರೆಯಿಂದ ಎಂಟೂವರೆ ಅಷ್ಟೇ, ಹಳೆಯದನ್ನು ತಿರುಗಿಸಲು, 25 ದಿನ. ಒಟ್ಟು 170. ಇನ್ನೂರಕ್ಕೆ ಮೂವತ್ತು ಕಡಿಮೆ, ಗಂಟೆ ಲೆಕ್ಕದಲ್ಲಂತೂ ಇನ್ನೂ ಕಡಿಮೆ. ಇರಲಿ ಬಿಡಿ. ಶಾಲೆಯ ಗಂಟೆಗಳಲ್ಲಿ ಹಾಜರಿ, ಸಾಲು ನಿಲ್ಲಿಸುವುದು, ನಲವತ್ತು ಮಕ್ಕಳನ್ನು ಸುಮ್ಮನಿರಿಸುವುದು ಎಲ್ಲ ಸೇರಿದೆ. ಇಬ್ಬರೇ ಮಕ್ಕಳ ಎದುರು ಎರಡು ಗಂಟೆ ಗಟ್ಟಿಯಾಗಿ ಕೂತರೆ ಈ ವಯಸ್ಸಿಗೆ ಸಾಕು ಅಂತ ನನ್ನ ಅನುಭವ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪುಸ್ತಕ ಮುಚ್ಚಿಡಿ, ಆದರೆ ಶೆಡ್ಡಿಗೆ ಮಕ್ಕಳನ್ನು ಬಿಡಿ. ಮಗಳಿಗೆ ಒಂದು ಕ್ರೇಟ್ ಹಸಿ ದ್ರಾಕ್ಷಿ ತೂಗಿ ಬರೆದಿಡಲು ಹೇಳಿ. ಅದನ್ನೇ ಬಲೆ ಮೇಲೆ ಬೇರೆಯಾಗಿ ಹರಡಲಿ. ಹದಿನೈದು ದಿನ ಆದ ಮೇಲೆ ಒಣಗಿದ್ದನ್ನು ತೂಗಲಿ. ಸುಮಾರು ನಾಲ್ಕು ಕಿಲೋಗೆ ಒಂದು ಕಿಲೋ ಅಂತ ನಿಮಗೆ ಗೊತ್ತು, ಅವಳಿಗೆ ಹೇಳಬೇಡಿ. ಉಳಿದ ಮೂರು ಕಿಲೋ ಎಲ್ಲಿ ಹೋಯಿತು ಅಂತ ಅವಳೇ ಬಂದು ಕೇಳುತ್ತಾಳೆ. ಭಿನ್ನರಾಶಿ, ಆವಿಯಾಗುವುದು, ಲಾಭ-ನಷ್ಟ ಮೂರೂ ಒಂದೇ ಕ್ರೇಟ್‌ನಲ್ಲಿ ಇವೆ. (ಒಣಹಾಕುವ ಮೊದಲು ದ್ರಾಕ್ಷಿ ಅದ್ದುವ ಡಿಪ್ಪಿಂಗ್ ದ್ರಾವಣದ ಹತ್ತಿರ ಮಾತ್ರ ಚಿಕ್ಕವನನ್ನು ಬಿಡಬೇಡಿ.)

ಅತ್ತೆಯವರ ಮಾತನ್ನು ತೆಗೆದುಹಾಕಬೇಡಿ. ದಸರೆಗೆ ಶುರು ಮಾಡುವುದು ಆಗದ ಮಾತು, ಆಗ ಎಲ್ಲರ ಕೈಯಲ್ಲೂ ಚಾಟ್ನಿ ಕತ್ತರಿ ಇರುತ್ತದೆ. ಆದರೆ ಸರ್ಕಾರಿ ಪಠ್ಯಪುಸ್ತಕಗಳು ಈಗ ಎರಡು ಭಾಗವಾಗಿ ಬರುತ್ತವೆ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ, ಇಳಿಸಿಕೊಂಡು ಝೆರಾಕ್ಸ್ ಹಾಕಿಸಬಹುದು. ಎರಡನೇ ಭಾಗವನ್ನು ಸರಸ್ವತಿ ಮುಂದೆ ಇಟ್ಟು ಅತ್ತೆಯವರ ಕೈಯಿಂದಲೇ ಪೂಜೆ ಮಾಡಿಸಿ. ಅವರಿಗೂ ಸಮಾಧಾನ, ಮಕ್ಕಳಿಗೂ ಅರ್ಧ ದಾರಿ ಬಂದೆವು ಅಂತ ಗೊತ್ತಾಗುತ್ತದೆ.

ಮೊದಲ ವಾರ ಬರೆಸಲು ಹೋಗಬೇಡಿ. ಕಾರ ಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಇಬ್ಬರಿಗೂ ಎರೆಮಣ್ಣು ಕೊಟ್ಟು ಎತ್ತು ಮಾಡಲು ಕೂಡಿಸಿ. ಕೋಡು ಮುರಿಯದ ಹಾಗೆ ಎಷ್ಟು ನೀರು ಹಾಕಬೇಕು ಅಂತ ಕಂಡುಕೊಳ್ಳುವಷ್ಟರಲ್ಲಿ ಒಂದು ಕಡೆ ಕೂತು ಕೆಲಸ ಮಾಡುವ ರೂಢಿ ಬಂದಿರುತ್ತದೆ. ಆಮೇಲೆ ಪುಸ್ತಕ.

ಇನ್ನೊಂದು ಮಾತು. ಹಳೆ ಶಾಲೆಯ ಟಿಸಿಯನ್ನು ಜೋಪಾನವಾಗಿ ಇಡಿ. ಮುಂದೆ ಮನಸ್ಸು ಬದಲಾದರೆ 14 ವರ್ಷದ ಒಳಗಿನ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ.

ಪ್ರಶ್ನೆ: ಮಗನಿಗೆ ಈಗ 13. ಹತ್ತನೇ ತರಗತಿಯನ್ನು ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮನೆಯಿಂದಲೇ ಕಟ್ಟಿಸಬೇಕು ಅಂತಿದ್ದೇವೆ. ನಮ್ಮ ವರ್ಷ ಯಾವಾಗ ಶುರು ಮಾಡಬೇಕು?
(ಅಥಣಿಯ ಓದುಗರು)

ಉತ್ತರ: ಸರ್, ಇಲ್ಲಿ ಮೇಲಿನ ಲೆಕ್ಕ ನಡೆಯುವುದಿಲ್ಲ. ಪರೀಕ್ಷೆಯಿಂದ ಹಿಂದಕ್ಕೆ ಎಣಿಸಬೇಕು. ಎನ್‌ಐಒಎಸ್ ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಹತ್ತನೇ ತರಗತಿಗೆ ಸೇರಲು 14 ತುಂಬಿರಬೇಕು. ಹಾಗಾಗಿ ಮೊದಲು ಜನನ ಪ್ರಮಾಣಪತ್ರ ತೆಗೆದು ನೋಡಿ, ಆಮೇಲೆ ಅವರ ವೆಬ್‌ಸೈಟಿನಲ್ಲಿ ಪ್ರವೇಶದ ಕೊನೆ ದಿನ ನೋಡಿ. ಐದು ವಿಷಯ ಪಾಸಾದರೆ ಸಾಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಐದನ್ನೂ ಒಂದೇ ಸಲ ಕಟ್ಟಬೇಕಾಗಿಲ್ಲ. ಟಿಎಂಎ ಅಂತ ಮನೆಯಲ್ಲಿ ಬರೆದು ಕಳಿಸುವ ಅಭ್ಯಾಸಕ್ಕೂ ಅಂಕ ಇದೆ, ಅದನ್ನು ಮರೆತು ಕೂತವರು ಬಹಳ ಜನ. ನನ್ನನ್ನು ಕೇಳಿದರೆ ಕಷ್ಟದ ವಿಷಯಗಳನ್ನು ಅಕ್ಟೋಬರ್‌ಗೆ ಇಟ್ಟುಕೊಳ್ಳಿ. ಮೇ ಬಿಸಿಲಲ್ಲಿ ಬಸ್ಸಿನಲ್ಲಿ ದೂರದ ಸೆಂಟರಿಗೆ ಹೋಗಿ ಮೂರು ತಾಸು ಗಣಿತ ಬರೆಯುವುದು ಯಾರಿಗೆ ಬೇಕು?

ಪ್ರಶ್ನೆ: ನಾವು ಮೇ ಒಂದರಿಂದಲೇ ಶುರು ಮಾಡಿದೆವು. ಮಗ ಕಿಟಕಿ ಬಿಟ್ಟು ಕದಲುವುದಿಲ್ಲ, ಓಣಿಯ ಹುಡುಗರೆಲ್ಲ ಹೊರಗೆ ಕ್ರಿಕೆಟ್ ಆಡುತ್ತಿರುತ್ತಾರೆ. ಏನು ಮಾಡಲಿ?
(ಬೆಳಗಾವಿಯ ಓದುಗರು)

ಉತ್ತರ: ಅವನನ್ನು ಹೊರಗೆ ಬಿಡಿ, ಅಲ್ವಾ! ವರ್ಷದಲ್ಲಿ ಇಡೀ ದಿನ ಗೆಳೆಯರು ಸಿಗುವುದು ಈಗಲೇ. ಜೂನ್ ಬಂದರೆ ನಿಮ್ಮ ಊರಲ್ಲಿ ಮಳೆ ಹಿಡಿಯುತ್ತದೆ, ಆಟಕ್ಕೆ ಅಂಗಳವೂ ಇರುವುದಿಲ್ಲ, ಆಗ ಒಳಗೆ ಕೂಡಿಸಲು ನೀವು ಕಷ್ಟಪಡಬೇಕಾಗಿಲ್ಲ. ಆ ಹುಡುಗರೆಲ್ಲ ಬ್ಯಾಗ್ ಹಾಕಿಕೊಂಡು ಹೋಗಿ ಓಣಿ ಖಾಲಿಯಾದ ದಿನ ನಿಮ್ಮದೂ ಶುರುವಾಗಲಿ. ಸಂಜೆ ಅವರು ವಾಪಸ್ ಬಂದು ಅವನ ಹೆಸರು ಕೂಗುವ ಹೊತ್ತಿಗೆ ಪುಸ್ತಕ ಮುಚ್ಚಿರಲಿ.