ಓದುಗರ ಪ್ರಶ್ನೆ: ಶೇರ್ಡ್ ಹೋಸ್ಟಿಂಗ್‌ನಲ್ಲಿ ಲಾರಾವೆಲ್ ಓಡಿಸಬಹುದೇ?

ಪ್ರಶ್ನೆ: ಸಣ್ಣ ಗ್ರಂಥಾಲಯವೊಂದಕ್ಕೆ ಪಿಎಚ್‌ಪಿ ಫ್ರೇಮ್‌ವರ್ಕ್ ಆದ ಲಾರಾವೆಲ್‌ನಲ್ಲಿ ಅಪ್ಲಿಕೇಶನ್ ಬರೆದಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ಓಡುತ್ತದೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ (ಹಲವರು ಹಂಚಿಕೊಳ್ಳುವ ಸರ್ವರಿನಲ್ಲಿ) ಮಾತ್ರ, ಬೇಕಾದ ಲೈಬ್ರರಿಗಳನ್ನು ಇಳಿಸಿಕೊಡುವ ಕಂಪೋಸರ್ ‘ಕಿಲ್ಡ್’ ಎಂದು ಅರ್ಧಕ್ಕೇ ನಿಲ್ಲುತ್ತದೆ. ಮೇಲ್ ಕಳಿಸುವ ಕ್ಯೂ ವರ್ಕರ್ ಸ್ವಲ್ಪ ಹೊತ್ತಿಗೇ ಸತ್ತುಹೋಗುತ್ತದೆ. ಸದ್ಯಕ್ಕೆ ಇಡೀ ಪ್ರಾಜೆಕ್ಟನ್ನು ಪಬ್ಲಿಕ್_ಎಚ್‌ಟಿಎಂಎಲ್ ಫೋಲ್ಡರಿನಲ್ಲಿ ಹಾಕಿದ್ದೇನೆ. ವಿಪಿಎಸ್ (ನಮಗೇ ಮೀಸಲಾದ ವರ್ಚುವಲ್ ಸರ್ವರ್) ತೆಗೆದುಕೊಳ್ಳಲೇಬೇಕೇ?

ಉತ್ತರ: ಬೇಡ. ಆದರೆ ಇಡೀ ಪ್ರಾಜೆಕ್ಟ್ ಪಬ್ಲಿಕ್_ಎಚ್‌ಟಿಎಂಎಲ್ ಒಳಗಿದೆ ಎಂದಿರಲ್ಲ, ಅದನ್ನು ಓದಿ ಭಯವಾಯಿತು. ಅದು ವೆಬ್‌ಗೆ ತೆರೆದಿರುವ ಫೋಲ್ಡರ್. ಈಗಲೇ ಬ್ರೌಸರಿನಲ್ಲಿ ನಿಮ್ಮ ಸೈಟಿನ ವಿಳಾಸದ ಕೊನೆಗೆ, ಪಾಸ್‌ವರ್ಡುಗಳಿರುವ ‘.ಇಎನ್‌ವಿ’ ಫೈಲಿನ ಹೆಸರು ಸೇರಿಸಿ ತೆರೆದು ನೋಡಿ. ಡೇಟಾಬೇಸ್ ಪಾಸ್‌ವರ್ಡ್ ಕಣ್ಣಿಗೆ ಬಿದ್ದರೆ ಅದು ಈಗಾಗಲೇ ಬೇರೆಯವರ ಕೈಗೂ ಸಿಕ್ಕಿದೆ ಎಂದೇ ತಿಳಿದು, ಅದನ್ನೂ ಮೇಲ್ ಪಾಸ್‌ವರ್ಡನ್ನೂ ಇವತ್ತೇ ಬದಲಿಸಿ. ಸದಸ್ಯರು ನಿಮ್ಮನ್ನು ನಂಬಿ ಹೆಸರು, ಫೋನ್ ನಂಬರು ಕೊಟ್ಟಿದ್ದಾರೆ.

ಹೋಸ್ಟಿಂಗ್ ಪ್ಯಾನೆಲಿನಲ್ಲಿ ಸಬ್‌ಡೊಮೇನಿನ ಡಾಕ್ಯುಮೆಂಟ್ ರೂಟ್ (ಸೈಟ್ ತೆರೆದುಕೊಳ್ಳುವ ಫೋಲ್ಡರ್) ಆರಿಸಲು ಬಿಟ್ಟರೆ ಅದನ್ನು ಪ್ರಾಜೆಕ್ಟಿನ ‘ಪಬ್ಲಿಕ್’ ಫೋಲ್ಡರಿಗೆ ತೋರಿಸಿ. ಅಷ್ಟೇ ಸಾಕು. ಬಿಡದಿದ್ದರೆ ಪ್ರಾಜೆಕ್ಟನ್ನು ಪಬ್ಲಿಕ್_ಎಚ್‌ಟಿಎಂಎಲ್‌ನ ಪಕ್ಕದಲ್ಲಿಡಿ, ‘ಪಬ್ಲಿಕ್’ ಒಳಗಿನ ಫೈಲುಗಳನ್ನು ಮಾತ್ರ ಒಳಗೆ ಹಾಕಿ. ಇಂಡೆಕ್ಸ್ ಫೈಲಿನಲ್ಲಿ ವೆಂಡರ್, ಬೂಟ್‌ಸ್ಟ್ರ್ಯಾಪ್, ಸ್ಟೋರೇಜ್‌ಗಳ ದಾರಿ ತಿದ್ದಬೇಕು. ಆಮೇಲೆ ‘ವೀಟ್ ಮ್ಯಾನಿಫೆಸ್ಟ್ ಸಿಗಲಿಲ್ಲ’ ಎಂಬ ದೋಷ ಬಂದರೆ ಗಾಬರಿಯಾಗಬೇಡಿ, ಬಿಲ್ಡ್ ಆದ ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಫೈಲುಗಳ ಆ ಪಟ್ಟಿಯನ್ನು ಲಾರಾವೆಲ್ ಇನ್ನೂ ಹಳೆಯ ಜಾಗದಲ್ಲೇ ಹುಡುಕುತ್ತಿದೆ. ಅದೇ ಇಂಡೆಕ್ಸ್ ಫೈಲಿನಲ್ಲಿ ‘ಯೂಸ್‌ಪಬ್ಲಿಕ್‌ಪಾತ್’ ಕರೆದು ಹೊಸ ಜಾಗ ಹೇಳಿಬಿಡಿ.

ಕಂಪೋಸರನ್ನು ಸರ್ವರಿನಲ್ಲಿ ಓಡಿಸುವ ಹಟ ಬಿಡಿ. ಅದಕ್ಕೆ ಬೇಕಾದಷ್ಟು ಮೆಮೊರಿ ನಿಮ್ಮ ಪಾಲಿಗಿಲ್ಲ. ಮನೆಯಲ್ಲೇ ‘ನೋ-ಡೆವ್’ ಆಯ್ಕೆಯೊಂದಿಗೆ (ಅಭಿವೃದ್ಧಿಗೆ ಮಾತ್ರ ಬೇಕಾದ ಲೈಬ್ರರಿಗಳನ್ನು ಬಿಟ್ಟು) ಓಡಿಸಿ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಬಿಲ್ಡ್ ಕೂಡ ಅಲ್ಲೇ ಮುಗಿಸಿ, ಎಲ್ಲವನ್ನೂ ಒಂದೇ ಜಿಪ್ ಮಾಡಿ ಏರಿಸಿ, ಫೈಲ್ ಮ್ಯಾನೇಜರಿನಲ್ಲಿ ಬಿಚ್ಚಿ. ಬಿಲ್ಡ್‌ಗೆ ಬೇಕಾದ ನೋಡ್_ಮಾಡ್ಯೂಲ್ಸ್ ಫೋಲ್ಡರ್ ಜಿಪ್ಪಿನೊಳಗೆ ಬರಕೂಡದು, ಐನೋಡ್ ಮಿತಿಯನ್ನು (ಎಷ್ಟು ಫೈಲುಗಳಿರಬಹುದು ಎಂಬ ಮಿತಿಯನ್ನು) ಅದೇ ತಿಂದುಹಾಕುತ್ತದೆ.

ಇನ್ನು ಕ್ಯೂ, ಅಂದರೆ ಸರದಿಯಲ್ಲಿ ಕಾದಿರುವ ಕೆಲಸಗಳ ಸಾಲು. ವರ್ಕರ್ ದಿನವಿಡೀ ಎದ್ದಿರುವ ಪ್ರೋಸೆಸ್, ಶೇರ್ಡ್ ಸರ್ವರಿನಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ಕ್ರಾನ್‌ನಿಂದ (ಗೊತ್ತುಪಡಿಸಿದ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆಯಿಂದ) ಐದು ನಿಮಿಷಕ್ಕೊಮ್ಮೆ ಎಬ್ಬಿಸಿ, ‘ಸ್ಟಾಪ್-ವೆನ್-ಎಂಪ್ಟಿ’ ಕೊಟ್ಟು ಕೆಲಸ ಮುಗಿದ ಕೂಡಲೇ ಮಲಗಿಸಿ. ಜೊತೆಗೆ ‘ಮ್ಯಾಕ್ಸ್-ಟೈಮ್’ 240 ಸೆಕೆಂಡ್ ಇಡಿ, ಒಂದರ ಮೇಲೊಂದು ಬೀಳುವುದಿಲ್ಲ. ಗಂಟೆಗಿಷ್ಟೇ ಮೇಲ್ ಎಂಬ ಮಿತಿಯೂ ಇರುತ್ತದೆ, ಕಂತುಗಳಲ್ಲಿ ಕಳಿಸಿ.

ಕ್ರಾನ್ ವಿಷಯದಲ್ಲಿ ನಾನು ಮೂರು ದಿನ ಕಳೆದುಕೊಂಡಿದ್ದೇನೆ. ಪ್ಯಾನೆಲಿನಲ್ಲಿ ಪಿಎಚ್‌ಪಿ 8.2 ಆರಿಸಿದ್ದೆ, ಸೈಟ್ ಚೆನ್ನಾಗಿತ್ತು, ಮೇಲ್ ಒಂದೂ ಹೋಗುತ್ತಿರಲಿಲ್ಲ. ಕೊನೆಗೆ ಕ್ರಾನ್ ಸಾಲಿನ ಔಟ್‌ಪುಟ್ ಅನ್ನು ಫೈಲಿಗೆ ಬರೆಸಿದೆ. ಮೊದಲ ಸಾಲಿನಲ್ಲೇ ಉತ್ತರವಿತ್ತು: ಬೇಕಾದದ್ದು 8.2, ಓಡುತ್ತಿರುವುದು 7.4. ವೆಬ್‌ಗೆ ಒಂದು ಪಿಎಚ್‌ಪಿ, ಕಮಾಂಡ್ ಲೈನಿಗೆ ಇನ್ನೊಂದು! ಕ್ರಾನ್‌ನಲ್ಲಿ ಬರೀ ‘ಪಿಎಚ್‌ಪಿ’ ಎನ್ನಬೇಡಿ, ಸರಿಯಾದ ಆವೃತ್ತಿಯ ಪೂರ್ತಿ ದಾರಿ ಬರೆಯಿರಿ. ಔಟ್‌ಪುಟ್ ಫೈಲನ್ನು ಮೊದಲ ದಿನದಿಂದಲೇ ಇಡಿ.

ಮುಂದೆ ವೆಬ್‌ಸಾಕೆಟ್ (ಬ್ರೌಸರ್, ಸರ್ವರ್ ನಡುವೆ ಸದಾ ತೆರೆದಿರುವ ಸಂಪರ್ಕ) ಬೇಕೆನಿಸಿದ ದಿನ ವಿಪಿಎಸ್ ಯೋಚಿಸಿ. ಪುಸ್ತಕ ಹಿಂತಿರುಗಿಸಿ ಎಂದು ನೆನಪಿಸುವ ಮೇಲ್‌ಗೆ ಅದು ಬೇಡ.

ಪ್ರಶ್ನೆ: ವರದಿಯ ಪುಟವನ್ನು ಹಲವರು ಒಟ್ಟಿಗೆ ತೆರೆದರೆ 508 ದೋಷ ಬರುತ್ತದೆ. ಏಕೆ?

ಉತ್ತರ: ಎಚ್‌ಟಿಟಿಪಿ ಸಂಕೇತಗಳ ಪಟ್ಟಿಯಲ್ಲಿ 508ಕ್ಕೆ ಬೇರೆ ಅರ್ಥವಿದೆ. ಕ್ಲೌಡ್‌ಲಿನಕ್ಸ್ (ಪ್ರತಿ ಖಾತೆಗೂ ಪಾಲು ಹಾಕಿಕೊಡುವ ಆಪರೇಟಿಂಗ್ ಸಿಸ್ಟಂ) ಇರುವ ಸರ್ವರಿನಲ್ಲಿ ಮಾತ್ರ ಅದು ‘ನಿಮ್ಮ ಪಾಲು ಮುಗಿಯಿತು’ ಎಂಬ ಸೂಚನೆ. ಸಾಮಾನ್ಯವಾಗಿ ಎಂಟ್ರಿ ಪ್ರೋಸೆಸ್ ಮಿತಿ ಮುಟ್ಟಿರುತ್ತದೆ. ಅದು ದಿನಕ್ಕೆ ಎಷ್ಟು ಜನ ಬಂದರು ಎಂಬ ಲೆಕ್ಕವಲ್ಲ, ಒಂದೇ ಕ್ಷಣದಲ್ಲಿ ಎಷ್ಟು ಪಿಎಚ್‌ಪಿ ವಿನಂತಿಗಳು ಒಳಗಿವೆ ಎಂಬ ಲೆಕ್ಕ. ಎಂಟು ಸೆಕೆಂಡ್ ಹಿಡಿಯುವ ವರದಿ ಎಂಟು ಸೆಕೆಂಡೂ ಒಂದು ಕುರ್ಚಿ ಹಿಡಿದು ಕೂತಿರುತ್ತದೆ. ಆ ವರದಿಯನ್ನು ರಾತ್ರಿ ಕ್ರಾನ್‌ನಲ್ಲಿ ಲೆಕ್ಕಹಾಕಿ ಬೇರೆ ಟೇಬಲ್ಲಿನಲ್ಲಿ ಬರೆದಿಡಿ, ಹಗಲು ಪುಟ ತೆರೆದವರಿಗೆ ಸಿದ್ಧವಿರುವ ಸಾಲುಗಳನ್ನಷ್ಟೇ ಓದಿ ತೋರಿಸಿ.