ಮೋಟರ್ ಹೋಗಿದ್ದಾ, ಕೇಬಲ್ ಹೋಗಿದ್ದಾ?

"ತಂಗಿ ಮಗನಿಗೆ ಮಸ್ಕ್ಯುಲರ್ ಡಿಸ್ಟ್ರೋಫಿ. ಇದು ಸ್ನಾಯುವಿನ ಕಾಯಿಲೆ ಅಂತಾರೆ ಡಾಕ್ಟರು. ಆದರೆ ಇಲಿಗಳಲ್ಲಿ ನರವೂ ಹಾಳಾಗುತ್ತದೆ ಅಂತ ಓದಿದೆ. ಯಾವುದು ನಿಜ?" ಅಂತ ಕೇಳಿದ್ದೀರಿ.

ಎರಡೂ ನಿಜ. ಯಾವ ಇಲಿ ಅಂತ ಮೊದಲು ಕೇಳಬೇಕು.

ನಾನು ಕೋಲಾರದವನು. ಅಪ್ಪನದು ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ. ನೀರು ನಿಂತುಹೋಯಿತು ಅಂತ ಯಾರೇ ಬಂದರೂ ಅಪ್ಪ ಕೇಳುವುದು ಒಂದೇ: ಮೋಟರ್ ಸುಟ್ಟಿದ್ದಾ, ಕೇಬಲ್ ಹೋಗಿದ್ದಾ? ಮೇಲೆ ನಿಂತವನಿಗೆ ಎರಡೂ ಒಂದೇ, ನೀರಿಲ್ಲ ಅಷ್ಟೇ. ಮುಂದೆ ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಮೂರು ವರ್ಷ ಇಲಿ ಸಾಕಿದೆ. ವಿಜ್ಞಾನಿಗಳೂ ಇದೇ ಪ್ರಶ್ನೆ ಹಿಡಿದು ಕಿತ್ತಾಡಿದ್ದರು ಅಂತ ಆಗ ಗೊತ್ತಾಯಿತು. ಇಲ್ಲಿ ಸ್ನಾಯು ಅಂದರೆ ಮೋಟರ್, ನರ ಅಂದರೆ ಕೇಬಲ್.

ಗೊಂದಲಕ್ಕೆ ಒಂದು ಕಾರಣ ಡಿವೈ ಅನ್ನೋ ಇಲಿ. ಹಿಂಗಾಲು ಎಳೆದುಕೊಂಡು ತೆವಳುವ ಈ ಇಲಿಯ ಬಗ್ಗೆ ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯವರು 1955ರಲ್ಲಿ ಬರೆದರು. ಡಿಸ್ಟ್ರೋಫಿಗೆ ಇದೇ ಮಾದರಿ ಅಂತ ಎಲ್ಲರೂ ಹಿಡಿದುಕೊಂಡರು. 1970ರ ದಶಕದಲ್ಲಿ ನೋಡಿದರೆ, ಬೆನ್ನುಹುರಿಯಿಂದ ಹೊರಡುವ ನರದ ಬೇರುಗಳಲ್ಲಿ ಎಷ್ಟೋ ತಂತುಗಳು ಬೆತ್ತಲೆ! ಇನ್ಸುಲೇಶನ್ ಕಿತ್ತ ತಂತಿಗಳನ್ನು ಒಟ್ಟಿಗೆ ಕಟ್ಟಿಟ್ಟ ಹಾಗೆ. ಲ್ಯಾಮಿನಿನ್ ಆಲ್ಫಾ-2, ಅಂದರೆ ಮೆರೋಸಿನ್ ಅನ್ನೋ ಪ್ರೋಟೀನಿನ ಕೊರತೆ ಇದಕ್ಕೆ ಕಾರಣ ಅಂತ 1994ರಲ್ಲಿ ತಿಳಿಯಿತು. ಸ್ನಾಯುವಿನ ಎಳೆಗೂ ಅದು ಬೇಕು. ನರಕ್ಕೆ ಮೈಲಿನ್ ಹೊದಿಕೆ ಸುತ್ತುವ ಶ್ವಾನ್ ಕೋಶಗಳಿಗೂ ಬೇಕು. ಹಾಗಾಗಿ ಈ ಇಲಿಯಲ್ಲಿ ಮೋಟರೂ ಹೋಗಿದೆ, ಕೇಬಲ್ಲೂ ಹೋಗಿದೆ. ಇದೇ ಪ್ರೋಟೀನ್ ಇಲ್ಲದೆ ಹುಟ್ಟುವ ಮಕ್ಕಳಲ್ಲೂ ನರದ ವೇಗ, ಅಂದರೆ ನರದಲ್ಲಿ ಸಂದೇಶ ಓಡುವ ವೇಗ, ಸ್ವಲ್ಪ ಕಡಿಮೆ ಇರಬಹುದು.

ನಾನು ಸಾಕಿದ್ದು ಬೇರೆ ಇಲಿ, ಎಂಡಿಎಕ್ಸ್. ನೋಡೋಕೆ ಕಪ್ಪಗೆ, ಓಡಾಟವೂ ಚುರುಕು. ಕಾಯಿಲೆ ಇದೆ ಅಂದರೆ ನಂಬೋಕಾಗಲ್ಲ. 1984ರಲ್ಲಿ ಇದರ ಬಗ್ಗೆ ಬರೆದರು. ಹುಡುಗರಿಗೆ ಬರುವ ಡುಶೇನ್ ಅನ್ನೋ ಬಗೆಯ ಡಿಸ್ಟ್ರೋಫಿಯ ಹಾಗೆ ಇದರಲ್ಲೂ ಡಿಸ್ಟ್ರೋಫಿನ್ ಅನ್ನೋ ಪ್ರೋಟೀನ್ ಇರುವುದಿಲ್ಲ. ಇಲ್ಲಿ ಕೇಬಲ್ ಬಹುಮಟ್ಟಿಗೆ ನೆಟ್ಟಗಿರುತ್ತದೆ. ಕೆಡುವುದು ಕೇಬಲ್ ಮೋಟರಿಗೆ ಸೇರುವ ಜಾಯಿಂಟ್.

ಆ ಜಾಯಿಂಟ್ ನೋಡಲು ಕಟ್ಟುಹಾವಿನ ಜಾತಿಯ ಒಂದು ಹಾವಿನ ವಿಷ ಬಳಸುತ್ತಾರೆ. ಅದು ಸ್ನಾಯುವಿನ ಮೇಲೆ ನರದ ಸಂದೇಶ ಹಿಡಿಯುವ ರಿಸೆಪ್ಟರ್‌ಗಳಿಗೇ ಹೋಗಿ ಅಂಟಿಕೊಳ್ಳುತ್ತದೆ. ಹೊಳೆಯುವ ಬಣ್ಣ ಸೇರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಆರೋಗ್ಯದ ಇಲಿಯಲ್ಲಿ ಒಂದೊಂದು ಜಾಯಿಂಟೂ ಪುಟ್ಟ ಚಕ್ಕುಲಿ. ಎಂಡಿಎಕ್ಸ್‌ನಲ್ಲಿ ಡಬ್ಬಿಯ ತಳದಲ್ಲಿ ಉಳಿದ ಚಕ್ಕುಲಿ ಚೂರು. ಹುಟ್ಟಿ ಮೂರು ವಾರಕ್ಕೆ ಸ್ನಾಯುವಿನ ಎಳೆಗಳು ಸತ್ತು ಮತ್ತೆ ಬೆಳೆಯೋಕೆ ಶುರು. ಹಾಗೆ ಬೆಳೆದ ಎಳೆಗಳ ಮೇಲೆ ಚಕ್ಕುಲಿ ಚೂರಾಗಿರುತ್ತದೆ. ಅಂದರೆ ಮೊದಲ ಏಟು ಸ್ನಾಯುವಿಗೆ, ಆಮೇಲೆ ಜಾಯಿಂಟಿಗೆ. ಚೂರಾದರೂ ಸಂದೇಶ ಹೆಚ್ಚುಕಡಿಮೆ ದಾಟುತ್ತದೆ. ಇಂಥ ಫೋಟೋ ಎಲ್ಲಾದರೂ ನೋಡಿದರೆ ಹೆದರಬೇಡಿ. ಮನುಷ್ಯರಲ್ಲಿ ಜಾಯಿಂಟ್ ಮೊದಲಿಂದಲೂ ಚಕ್ಕುಲಿಯಲ್ಲ, ಸಣ್ಣ ಸಣ್ಣ ಚುಕ್ಕಿ.

ಮಿದುಳಿನ ವಿಷಯ ಜಾಸ್ತಿ ಯಾರೂ ಹೇಳುವುದಿಲ್ಲ. ಡಿಸ್ಟ್ರೋಫಿನ್ ಅಲ್ಲೂ ಇರುತ್ತದೆ. ಎಂಡಿಎಕ್ಸ್ ಇಲಿಯನ್ನು ಕೆಲವು ಸೆಕೆಂಡು ಕೈಯಲ್ಲಿ ಹಿಡಿದು ಬಿಟ್ಟರೆ ಸಾಕು, ಮರಗಟ್ಟಿದ ಹಾಗೆ ಕೂತುಬಿಡುತ್ತದೆ. ಮೊದಮೊದಲು ಸುಸ್ತು ಅಂದುಕೊಂಡಿದ್ದೆ. ಅದು ಭಯ. ಡುಶೇನ್ ಇರುವ ಕೆಲವು ಹುಡುಗರಿಗೆ ಓದು, ನೆನಪು ಕಷ್ಟ ಆಗುವುದಕ್ಕೂ ಮಿದುಳಿನ ಡಿಸ್ಟ್ರೋಫಿನ್‌ಗೂ ನಂಟಿದೆ. ಸುಮ್ನೆ ಸೋಮಾರಿ ಅಂತ ಬೈಸಿಕೊಳ್ಳುತ್ತಾರೆ ಪಾಪ.

ನಿಮ್ಮ ಹುಡುಗನ ಜೀನ್ ರಿಪೋರ್ಟ್ ತೆಗೆದು ನೋಡಿ. ಎಲ್‌ಎಎಂಎ2 (ಮೆರೋಸಿನ್‌ನ ಜೀನ್) ಅಂತಿದ್ದರೆ ನರದ ವೇಗದ ಟೆಸ್ಟ್ ಬಗ್ಗೆ ಡಾಕ್ಟರನ್ನು ಕೇಳಿ. ಡಿಎಂಡಿ (ಡಿಸ್ಟ್ರೋಫಿನ್‌ನ ಜೀನ್) ಅಂತಿದ್ದರೆ ಪಕ್ಕದಲ್ಲಿ ಎಕ್ಸಾನ್, ಅಂದರೆ ಜೀನಿನ ತುಂಡಿನ ನಂಬರ್ ಇರುತ್ತದೆ. ಒಟ್ಟು 79 ಇವೆ. 45ರಿಂದ ಆಚೆ ಇದ್ದರೆ ಮಿದುಳಿನ ಚಿಕ್ಕ ಡಿಸ್ಟ್ರೋಫಿನ್‌ಗಳಿಗೂ ಪೆಟ್ಟು ಬಿದ್ದಿರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಸ್ಕೂಲಿನ ಮೇಷ್ಟ್ರಿಗೂ ಒಂದು ಮಾತು ಹೇಳಿಡಿ.